ದಂಡೆಯ ಮೇಲೆ ಉಳಿದ ಹುಡುಗ

ನದಿಮೂಲ, ಋಷಿಮೂಲ ಕೆದಕಬಾರದು ಎಂದು ನಮ್ಮಲ್ಲಿ ಹಿರಿಯರು ಹೇಳಿಟ್ಟಿದ್ದಾರೆ. ಅಮೆರಿಕದ ಟೆನೆಸೀ ರಾಜ್ಯದ ಪೂರ್ವದ ಅಂಚಿನಲ್ಲಿರುವ ಲೈಮ್‌ಸ್ಟೋನ್ ಎಂಬ ಸಣ್ಣ ಊರಿನವರಿಗೆ ಈ ಮಾತು ಯಾರೂ ಹೇಳಿರಲಿಕ್ಕಿಲ್ಲ. ಅಲ್ಲಿ ಋಷಿಯ ಬದಲು ಒಬ್ಬ ಕರಡಿ ಬೇಟೆಗಾರ, ನದಿಮೂಲದ ಬದಲು ಒಂದು ಸಂಗಮ. ಬಿಗ್ ಲೈಮ್‌ಸ್ಟೋನ್ ಎಂಬ ಹಳ್ಳ ಬಂದು ನೊಲಿಚಕಿ ಎಂಬ ನದಿಗೆ ಸೇರುವ ಕಡೆ, ನೀರಿಗೆ ಕೂಗಳತೆಯಲ್ಲಿ, ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿದ ಒಂದು ಗುಡಿಸಲು. ಹತ್ತಿರದಲ್ಲೇ ನೆಲಕ್ಕೆ ಹಾಸಿದ ಸುಣ್ಣಕಲ್ಲಿನ ಚಪ್ಪಡಿ. ಡೇವಿ ಕ್ರಾಕೆಟ್ 1786ರ ಆಗಸ್ಟ್ 17ರಂದು ಹುಟ್ಟಿದ್ದು ಇದೇ ಜಾಗದಲ್ಲಿ ಎಂದು ಅದರ ಮೇಲೆ ಕೆತ್ತಿದ್ದಾರೆ. ಸುತ್ತಲಿನ 105 ಎಕರೆಯನ್ನು ಟೆನೆಸೀ ಸರ್ಕಾರ ಉದ್ಯಾನವಾಗಿ ಕಾಪಾಡಿಕೊಂಡು ಬಂದಿದೆ.

ಅಮೆರಿಕದಲ್ಲಿ ಎಪ್ಪತ್ತು ದಾಟಿದ ಯಾರನ್ನಾದರೂ ಕ್ರಾಕೆಟ್ ಎಲ್ಲಿ ಹುಟ್ಟಿದ ಎಂದು ಕೇಳಿ. ಬೆಟ್ಟದ ತುದಿಯಲ್ಲಿ ಎನ್ನುತ್ತಾರೆ. ಕೆಲವರು ರಾಗವಾಗಿಯೇ ಹೇಳಿಯಾರು. ಡಿಸ್ನಿಯವರ ಟೀವಿ ಸರಣಿಗೆ ಬರೆದ ಹಾಡೊಂದು 1955ರಲ್ಲಿ ಆ ದೇಶದ ಮನೆಮನೆಯಲ್ಲೂ ಮೊಳಗಿತು. ಅದರ ಪ್ರಕಾರ ಅವನು ಹುಟ್ಟಿದ್ದು ಗಿರಿಶಿಖರದ ಮೇಲೆ, ಮೊದಲ ಕರಡಿ ಕೊಂದಿದ್ದು ಮೂರನೆಯ ವಯಸ್ಸಿಗೆ. ಉದ್ಯಾನಕ್ಕೆ ಬಂದವರು ಸುತ್ತ ನೋಡುತ್ತಾರೆ. ಬೆಟ್ಟಗಳೇನೋ ಇವೆ, ಆಗ್ನೇಯದ ದಿಗಂತದಲ್ಲಿ ನೀಲಿಯಾಗಿ. ಕಾಲ ಕೆಳಗಿರುವುದು ಮಾತ್ರ ನದಿ ಮೆಕ್ಕಲು ತಂದು ಹಾಸಿದ ಸಮತಟ್ಟು ನೆಲ, ನಮ್ಮ ಕಡೆ ಹೊಳೆಸಾಲು ಎನ್ನುತ್ತೇವಲ್ಲ, ಅಂಥದ್ದು. ಕವಿಗೆ ಪ್ರಾಸ ಬೇಕಿತ್ತು, ಮಗುವಿನ ತಾಯಿಗೆ ಕುಡಿಯುವ ನೀರು ಬೇಕಿತ್ತು.

ಆ ನೆಲ ಕ್ರಾಕೆಟ್ ಮನೆತನಕ್ಕೆ ಸಿಕ್ಕಿದ ಬಗೆ ಅಷ್ಟು ನೇರವಲ್ಲ. ಅಪಲಾಚಿಯನ್ ಪರ್ವತಸಾಲಿನ ಪಶ್ಚಿಮಕ್ಕೆ ಯಾರೂ ನೆಲೆಸಬಾರದು, ಅದು ಮೂಲನಿವಾಸಿಗಳ ಪ್ರದೇಶ ಎಂದು ಇಂಗ್ಲೆಂಡಿನ ದೊರೆ 1763ರಲ್ಲೇ ಘೋಷಣೆ ಹೊರಡಿಸಿದ್ದ. ದೊರೆಯ ಮಾತು ಸಮುದ್ರ ದಾಟಿತು, ಬೆಟ್ಟ ದಾಟಲಿಲ್ಲ. ಜೇಕಬ್ ಬ್ರೌನ್ ಎಂಬ ವ್ಯಾಪಾರಿ ನೊಲಿಚಕಿಯ ದಂಡೆಯ ನೆಲವನ್ನು ಮೊದಲು ಚೆರೋಕಿ ಜನರಿಂದ ಗೇಣಿಗೆ ಹಿಡಿದು, 1775ರಲ್ಲಿ ಕೊಂಡೇ ಬಿಟ್ಟ. ಹಿರಿಯ ಚೆರೋಕಿ ಮುಖಂಡರು ಒಪ್ಪಿ ಕೊಟ್ಟಿದ್ದನ್ನು ಡ್ರ್ಯಾಗಿಂಗ್ ಕನೂ ಎಂಬ ತರುಣ ನಾಯಕ ಒಪ್ಪಲಿಲ್ಲ. ಅವನು ತನ್ನವರನ್ನು ಕಟ್ಟಿಕೊಂಡು ಹೊರಬಿದ್ದು ಗಡಿಯ ಹಳ್ಳಿಗಳ ಮೇಲೆ ವರ್ಷಗಟ್ಟಲೆ ದಾಳಿ ನಡೆಸಿದ. 1777ರಲ್ಲಿ ಈಗಿನ ರಾಜರ್ಸ್‌ವಿಲ್ ಬಳಿ ಅಂಥದೊಂದು ದಾಳಿಯಲ್ಲಿ ನಮ್ಮ ಕಥಾನಾಯಕನ ಅಜ್ಜ ಅಜ್ಜಿ ಇಬ್ಬರೂ ಸತ್ತರು. ಅಜ್ಜನ ಹೆಸರೂ ಡೇವಿಡ್ ಕ್ರಾಕೆಟ್. ಒಬ್ಬ ಚಿಕ್ಕಪ್ಪನ ತೋಳು ಗುಂಡೇಟಿಗೆ ಮುರಿಯಿತು. ಇನ್ನೊಬ್ಬ, ಕಿವಿ ಕೇಳದ ಮಾತು ಬಾರದ ಜೇಮ್ಸ್, ಸೆರೆಸಿಕ್ಕಿ ಹದಿನೇಳು ವರ್ಷಕ್ಕೂ ಮೇಲ್ಪಟ್ಟು ಮೂಲನಿವಾಸಿಗಳ ನಡುವೆಯೇ ಬದುಕಿದ. ಕೊನೆಗೆ ಅಣ್ಣಂದಿರು ಹುಡುಕಿ, ಹಣ ಕೊಟ್ಟು ಬಿಡಿಸಿಕೊಂಡು ಬಂದರಂತೆ.

ತಂದೆ ಜಾನ್ ಕ್ರಾಕೆಟ್ 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಕದನದಲ್ಲಿ ಬ್ರಿಟಿಷ್ ಪಕ್ಷದವರ ಎದುರು ಕಾದಾಡಿ ಬಂದವನು. ಯುದ್ಧದಿಂದ ಹೆಸರು ಬಂತು, ಕಾಸು ಬರಲಿಲ್ಲ. ಹೆಂಡತಿ ರೆಬೆಕಾ ಹಾಕಿನ್ಸ್ ಜೊತೆ ಅವನು ನೊಲಿಚಕಿಯ ದಂಡೆಗೆ ಬಂದು ಗುಡಿಸಲು ಕಟ್ಟಿದ ಕಾಲಕ್ಕೆ ಆ ಊರು ಯಾವ ರಾಜ್ಯದ್ದು ಎಂಬುದಕ್ಕೇ ಜಗಳ ನಡೆದಿತ್ತು. ಡೇವಿ ಹುಟ್ಟಿದ್ದು ಟೆನೆಸೀಯಲ್ಲಿ ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ, ಆದರೆ 1786ರಲ್ಲಿ ಟೆನೆಸೀ ಎಂಬ ರಾಜ್ಯವೇ ಇರಲಿಲ್ಲ. ಅದು ಹುಟ್ಟಿದ್ದು ಇನ್ನೂ ಹತ್ತು ವರ್ಷದ ಮೇಲೆ. ಉತ್ತರ ಕೆರೊಲಿನಾ ಈ ನೆಲ ನನ್ನದು ಎನ್ನುತ್ತಿತ್ತು. ಅಲ್ಲಿ ನೆಲೆಸಿದವರೋ 1784ರಲ್ಲಿ ಸಿಡಿದು, ಫ್ರಾಂಕ್ಲಿನ್ ಎಂಬ ಹೊಸ ರಾಜ್ಯವನ್ನು ತಾವೇ ಸಾರಿಕೊಂಡು, ಜಾನ್ ಸೆವಿಯರ್‌ನನ್ನು ಗವರ್ನರ್ ಮಾಡಿಕೊಂಡಿದ್ದರು. ಜನರ ಬಾಯಲ್ಲಿ ಅವನು ನೊಲಿಚಕಿ ಜ್ಯಾಕ್. ಫ್ರಾಂಕ್ಲಿನ್ನನ್ನು ರಾಜ್ಯವೆಂದು ಒಪ್ಪಿಕೊಳ್ಳಲು ಅಮೆರಿಕದ ಕಾಂಗ್ರೆಸ್‌ನಲ್ಲಿ ಬೇಕಾದಷ್ಟು ಬೆಂಬಲ ಸಿಗಲಿಲ್ಲ. ನಾಲ್ಕು ವರ್ಷ ಎರಡೆರಡು ಸರ್ಕಾರ, ಎರಡೆರಡು ಕೋರ್ಟು. 1788ರ ಹೊತ್ತಿಗೆ ಎಲ್ಲವೂ ಕರಗಿಹೋಯಿತು.

ಆ ರಾಜ್ಯದಲ್ಲಿ ನಾಣ್ಯದ ಬರ. ಹಾಗಾಗಿ ತೆರಿಗೆಯನ್ನು ನಾರುಬಟ್ಟೆ, ಹಂದಿಮಾಂಸ, ಜೇನುಮೇಣ, ಹೊಗೆಸೊಪ್ಪು, ವಿಸ್ಕಿ ಇವುಗಳ ರೂಪದಲ್ಲೂ ಕೊಡಬಹುದು ಎಂದು ಅವರ ಶಾಸನಸಭೆ ಕಾನೂನು ಮಾಡಿತ್ತು. ಚರ್ಮವೂ ನಡೆಯುತ್ತಿತ್ತು: ಜಿಂಕೆ, ನೀರುನಾಯಿ, ನರಿ, ರಕೂನ್. ಬಾಲದ ಮೇಲೆ ಉಂಗುರ ಉಂಗುರ ಪಟ್ಟೆಯಿರುವ ಈ ರಕೂನಿನ ಚರ್ಮ ಮುಂದೆ ಟೊಪ್ಪಿಯಾಗಿ ನಮ್ಮ ಕಥೆಗೆ ಮರಳಿ ಬರಲಿದೆ. ಮಗು ಹುಟ್ಟಿದಾಗ ಅದು ಖಜಾನೆಗೆ ಕಟ್ಟುವ ದುಡ್ಡು.

ಒಂಬತ್ತು ಮಕ್ಕಳಿದ್ದ ಮನೆಯಲ್ಲಿ ಡೇವಿಡ್ ಐದನೆಯ ಗಂಡುಮಗ. ಬದುಕಿರುವ ತನಕ ಸಹಿ ಹಾಕಿದ್ದು ಡೇವಿಡ್ ಎಂದೇ. ಆ ದಂಡೆಯ ಮೇಲೆ ಅವನು ಕಳೆದದ್ದು ಐದಾರು ವರ್ಷ. 1834ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಹುಟ್ಟಿದ ಜಾಗವನ್ನು ಲೈಮ್‌ಸ್ಟೋನ್ ಹಳ್ಳ ನದಿಗೆ ಸೇರುವ ಕಡೆ ಎಂದು ಅವನೇ ಗುರುತಿಸಿದ್ದಾನೆ, ಉದ್ಯಾನಕ್ಕೆ ಅದೇ ಮುಖ್ಯ ಆಧಾರ. ಆ ಎಳೆಯ ವಯಸ್ಸಿನಿಂದ ಎರಡು ನೆನಪುಗಳನ್ನು ಬಿಡಿಸಿ ಹೇಳಿದ್ದಾನೆ. ಒಂದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಇದು: ಅವನ ಸೋದರಮಾವ ಜೋಸೆಫ್ ಹಾಕಿನ್ಸ್ ಜಿಂಕೆ ಬೇಟೆಗೆ ಹೋಗಿದ್ದ. ಪೊದೆಯಲ್ಲಿ ಏನೋ ಅಲುಗಾಡಿತು, ಗುಂಡು ಹಾರಿಸಿದ. ಅಲ್ಲಿದ್ದವನು ಕಾಡುದ್ರಾಕ್ಷಿ ಬಿಡಿಸುತ್ತಿದ್ದ ನೆರೆಯವನು. ಗುಂಡು ಮೈಯ ಈ ಕಡೆ ಹೊಕ್ಕು ಆ ಕಡೆ ಹೊರಬಿದ್ದಿತ್ತು. ಡೇವಿಯ ಅಪ್ಪ ಒಂದು ರೇಷ್ಮೆ ಕರವಸ್ತ್ರವನ್ನು ಆ ತೂತಿನೊಳಗೆ ತೂರಿಸಿ ಆಚೆ ಕಡೆಯಿಂದ ಎಳೆದು ತೆಗೆದದ್ದನ್ನು ಮಗು ನಿಂತು ನೋಡಿತು. ಗಾಯಾಳು ಬದುಕಿಕೊಂಡ. ಆಸ್ಪತ್ರೆ, ವೈದ್ಯ ಎಲ್ಲ ಅಷ್ಟೇ, ಒಂದು ಕರವಸ್ತ್ರ.

ಈ ಮನೆತನದ ಮೇಲೆ ಹೊಳೆಗೆ ಏನು ಸಿಟ್ಟೋ. ಜಾನ್ ಕ್ರಾಕೆಟ್ ಲೈಮ್‌ಸ್ಟೋನ್ ಬಿಟ್ಟು ಕೋವ್ ಕ್ರೀಕ್ ಎಂಬ ಹಳ್ಳದ ಮೇಲೆ, ಇನ್ನೊಬ್ಬನ ಪಾಲುದಾರಿಕೆಯಲ್ಲಿ, ಹಿಟ್ಟಿನ ಗಿರಣಿ ಕಟ್ಟಲು ಹೊರಟ. 1794ರಲ್ಲಿ, ಗಿರಣಿ ಇನ್ನೇನು ತಿರುಗಬೇಕು ಎನ್ನುವಾಗ, ಪ್ರವಾಹ ಬಂದು ಗೋಡೆ ಚಕ್ರ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ನೀರು ಮನೆಯೊಳಕ್ಕೂ ನುಗ್ಗಿತ್ತು. ಗುಡಿಸಲು ಬಿಟ್ಟು ಗಂಟುಮೂಟೆ ಕಟ್ಟಿ, ವರ್ಜೀನಿಯಾದ ಅಬಿಂಗ್ಡನ್ನಿನಿಂದ ನಾಕ್ಸ್‌ವಿಲ್‌ಗೆ ಹೋಗುವ ಗಾಡಿದಾರಿಯ ಮೇಲೆ ಒಂದು ತಂಗುಮನೆ ತೆರೆದ. ಅಲ್ಲಿಂದ ಮುಂದೆ ಅಪ್ಪನ ವ್ಯವಹಾರ ಎಂದರೆ ಸಾಲ, ಮಕ್ಕಳ ಪಾಲಿಗೆ ಆ ಸಾಲದ ಕೂಲಿ. ಹನ್ನೆರಡು ವರ್ಷದ ಡೇವಿಯನ್ನು ದನ ಹೊಡೆದುಕೊಂಡು ವರ್ಜೀನಿಯಾಕ್ಕೆ ಹೋಗುವವನ ಜೊತೆ ಕಳಿಸಿದರು. ದಾರಿಯೆಲ್ಲ ಕಾಲ್ನಡಿಗೆ. ಕೆಲಸ ಮುಗಿದ ಮೇಲೂ ಅವನು ಬಿಡದೆ ಇಟ್ಟುಕೊಳ್ಳಲು ನೋಡಿದಾಗ, ಹುಡುಗ ರಾತ್ರಿ ಮೊಣಕಾಲುದ್ದ ಹಿಮದಲ್ಲಿ ನಡೆದು ತಪ್ಪಿಸಿಕೊಂಡು ಬಂದ.

ಮರುವರ್ಷ ಅಪ್ಪ ಶಾಲೆಗೆ ಹಾಕಿದ. ನಾಲ್ಕೇ ದಿನ. ತನಗಿಂತ ದೊಡ್ಡ ಹುಡುಗನೊಬ್ಬನನ್ನು ದಾರಿಯಲ್ಲಿ ಕಾದು ಹೊಡೆದ. ಮೇಷ್ಟ್ರ ಬೆತ್ತಕ್ಕೆ ಹೆದರಿ ಶಾಲೆ ತಪ್ಪಿಸಿದ. ವಿಷಯ ತಿಳಿದ ಅಪ್ಪ, ಅಷ್ಟು ಹೊತ್ತಿಗೆ ಕುಡಿದೂ ಇದ್ದ, ಕೋಲು ಹಿಡಿದು ಅಟ್ಟಿಸಿಕೊಂಡು ಬಂದ. ಹುಡುಗ ಓಡಿದವನು ಮನೆಗೆ ಮರಳಿದ್ದು ಎರಡೂವರೆ ವರ್ಷದ ಮೇಲೆ. ದಾರಿಹೋಕರ ಜೊತೆ ಊಟಕ್ಕೆ ಕೂತಾಗ ಅಕ್ಕ ಗುರುತು ಹಿಡಿದು ಕೊರಳಿಗೆ ಬಿದ್ದಳು.

ಬಂದವನಿಗೆ ಅಪ್ಪ ಸಾಲದ ಚೀಟಿ ತೋರಿಸಿದ. ಅಬ್ರಹಾಂ ವಿಲ್ಸನ್ ಎಂಬವನಿಗೆ 36 ಡಾಲರ್. ಆರು ತಿಂಗಳು ದುಡಿದು ತೀರಿಸು, ಆಮೇಲೆ ನಿನ್ನ ದಾರಿ ನಿನಗೆ ಎಂದ. ಹುಡುಗ ಒಂದು ದಿನವೂ ತಪ್ಪಿಸದೆ ದುಡಿದು ಚೀಟಿ ಬಿಡಿಸಿಕೊಟ್ಟ. ಆಮೇಲೆ ಜಾನ್ ಕೆನಡಿ ಎಂಬ ಕ್ವೇಕರ್ ಪಂಥದ ಮುದುಕನಲ್ಲಿ ಕೆಲಸಕ್ಕೆ ಸೇರಿದರೆ, ಅವನ ಹತ್ತಿರವೂ ಅಪ್ಪನ 40 ಡಾಲರಿನ ಚೀಟಿ! ತಾನೇ ತೀರಿಸಬೇಕೆಂಬ ಕಟ್ಟುಪಾಡು ಇಲ್ಲದಿದ್ದರೂ ಇನ್ನಾರು ತಿಂಗಳು ಜೀತ ಮಾಡಿ ಅದನ್ನೂ ಬಿಡಿಸಿ ತಂದು ಅಪ್ಪನ ಕೈಗಿಟ್ಟ. ವಸೂಲಿಗೆ ಕಳಿಸಿದ್ದಾರೆ ಎಂದುಕೊಂಡ ಅಪ್ಪ, ಕೊಡಲು ನನ್ನಲ್ಲಿ ದುಡ್ಡಿಲ್ಲ ಎಂದ. ತೀರಿಹೋಗಿದೆ ಎಂದು ತಿಳಿದಾಗ ಅತ್ತುಬಿಟ್ಟ. ಕರಡಿ ಕಥೆಗಳನ್ನೆಲ್ಲ ಬದಿಗಿಟ್ಟರೂ ನನಗೆ ಕ್ರಾಕೆಟ್ ಬಗ್ಗೆ ಉಳಿಯುವ ಗೌರವ ಈ ಎರಡು ಚೀಟಿಗಳದ್ದು. ಬಡವರ ನೆಲದ ಹಕ್ಕಿಗಾಗಿ ಮುಂದೆ ಅವನು ಸದನದಲ್ಲಿ ಹಠ ಹಿಡಿದು ಕೂತದ್ದಕ್ಕೂ ಬೇರು ಇಲ್ಲೇ ಇದೆ ಎಂದು ನನ್ನ ಎಣಿಕೆ.

ಮದುವೆಯಾದ, ಮಕ್ಕಳಾದವು, ಗೇಣಿ ನೆಲದಿಂದ ಗೇಣಿ ನೆಲಕ್ಕೆ ಪಶ್ಚಿಮದ ಕಡೆ ಸರಿಯುತ್ತ ಹೋದ. 1813ರ ಆಗಸ್ಟ್ 30ರಂದು ಅಲಬಾಮಾದ ಫೋರ್ಟ್ ಮಿಮ್ಸ್ ಕೋಟೆಯ ಮೇಲೆ ಕ್ರೀಕ್ ಎಂಬ ಮೂಲನಿವಾಸಿ ಜನರ ಯೋಧರು ದಾಳಿಯಿಟ್ಟು ನೂರಾರು ಜನರನ್ನು ಕೊಂದಾಗ, ಹೆಂಡತಿ ಪಾಲಿ ಬೇಡವೆಂದರೂ ಕೇಳದೆ ದಂಡಿಗೆ ಸೇರಿದ. ನವೆಂಬರ್ 3ರಂದು ಟಾಲುಶಾಚಿ ಎಂಬ ಕ್ರೀಕ್ ಹಳ್ಳಿಯನ್ನು ಅವನಿದ್ದ ದಂಡು ಸುತ್ತುವರಿಯಿತು. ಆತ್ಮಕಥೆಯಲ್ಲಿ ಅವನು ಇದನ್ನು ಮುಚ್ಚಿಡುವುದಿಲ್ಲ. 46 ಯೋಧರು ಒಂದು ಮನೆಯೊಳಗೆ ಹೊಕ್ಕರು, ಇವರು ಮನೆಗೇ ಬೆಂಕಿಯಿಟ್ಟರು. ಮರುದಿನ ದಂಡಿಗೆ ತಿನ್ನಲು ಏನೂ ಇರಲಿಲ್ಲ. ಸುಟ್ಟ ಮನೆಯ ಕೆಳಗೆ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಸಿಕ್ಕಿತು. ಮೇಲೆ ಉರಿದ ಹೆಣಗಳ ಕೊಬ್ಬು ಇಳಿದು ಅವು ಹುರಿದ ಹಾಗೆ ಬೆಂದಿದ್ದವು. ಹಸಿವಿಗೆ ತಿಂದೆವು ಎಂದು ಬರೆಯುತ್ತಾನೆ. ಡಿಸ್ನಿಯ ಹಾಡಿನಲ್ಲಿ ಈ ಆಲೂಗಡ್ಡೆಗೆ ಜಾಗವಿಲ್ಲ.

1815ರಲ್ಲಿ ಪಾಲಿ ತೀರಿಕೊಂಡಳು. ಎಲಿಜಬೆತ್ ಪ್ಯಾಟನ್ ಎಂಬ ವಿಧವೆಯನ್ನು ಮದುವೆಯಾದ. ಸ್ವಲ್ಪ ಅನುಕೂಲಸ್ಥೆ, ಲೆಕ್ಕಾಚಾರದಲ್ಲಿ ಗಂಡನಿಗಿಂತ ಗಟ್ಟಿ. ಅವಳ ದುಡ್ಡಿನಲ್ಲಿ ಲಾರೆನ್ಸ್‌ಬರ್ಗ್ ಬಳಿ ಶೋಲ್ ಕ್ರೀಕ್ ಹಳ್ಳದ ಮೇಲೆ ಹಿಟ್ಟಿನ ಗಿರಣಿ, ಮದ್ದಿನ ಗಿರಣಿ, ಸಾರಾಯಿ ಭಟ್ಟಿ ಮೂರನ್ನೂ ಕಟ್ಟಿದರು. 1821ರಲ್ಲಿ ಡೇವಿಡ್ ಟೆನೆಸೀ ಶಾಸನಸಭೆಗೆ ಆರಿಸಿಬಂದು ಆಸನದಲ್ಲಿ ಕೂತಿದ್ದಷ್ಟೇ, ಊರಿಂದ ಸುದ್ದಿ ಬಂತು: ಹಳ್ಳ ಉಕ್ಕಿ ಗಿರಣಿಗಳು ಹೋದವು. ಅಪ್ಪನ ಗಿರಣಿಗೆ ಆದ ಗತಿಯೇ ಮಗನದ್ದಕ್ಕೂ, 27 ವರ್ಷದ ಅಂತರದಲ್ಲಿ. ಇರುವುದನ್ನೆಲ್ಲ ಮಾರಿ ಸಾಲ ತೀರಿಸು, ಮತ್ತೆ ದುಡಿಯೋಣ ಎಂದಳಂತೆ ಎಲಿಜಬೆತ್. ತೀರಿಸಿದರು. ಮತ್ತೆ ಪಶ್ಚಿಮಕ್ಕೆ ಹೊರಟರು. ಆ ಹಳ್ಳದ ಬದಿಯಲ್ಲೂ ಈಗ ಡೇವಿಡ್ ಕ್ರಾಕೆಟ್ ಹೆಸರಿನ ಸರ್ಕಾರಿ ಉದ್ಯಾನವಿದೆ. ಎರಡನ್ನೂ ಒಂದೇ ಎಂದುಕೊಂಡು ದಾರಿ ತಪ್ಪಬಾರದು, ನಡುವೆ ಇಡೀ ರಾಜ್ಯದ ಅರ್ಧದಷ್ಟು ದೂರವಿದೆ.

1827ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಹೋದ. ಹಿಡಿದ ಕೆಲಸ ಒಂದೇ: ಪಶ್ಚಿಮ ಟೆನೆಸೀಯಲ್ಲಿ ಕಾಡು ಕಡಿದು ಉಳುತ್ತಿದ್ದ, ಆದರೆ ಪಟ್ಟಾ ಇಲ್ಲದ ಬಡ ಒಕ್ಕಲಿಗೆ ನೆಲದ ಹಕ್ಕು ಸಿಗಬೇಕು. ನಮ್ಮ ಬಗರ್‌ಹುಕುಂ ಅರ್ಜಿಗಳನ್ನು ಹಿಡಿದು ತಾಲೂಕು ಕಚೇರಿ ಸುತ್ತಿದವರಿಗೆ ಈ ಹೋರಾಟದ ರುಚಿ ವಿವರಿಸಬೇಕಿಲ್ಲ. ಆ ಮಸೂದೆ ಅವನ ಕಾಲದಲ್ಲಿ ಪಾಸಾಗಲೇ ಇಲ್ಲ. ತನ್ನದೇ ರಾಜ್ಯದ, ಹಿಂದೆ ತಾನೇ ಕೈಕೆಳಗೆ ಕಾದಾಡಿದ್ದ ಆಂಡ್ರ್ಯೂ ಜ್ಯಾಕ್ಸನ್ ಅಧ್ಯಕ್ಷನಾಗಿದ್ದ. 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಸಾಗಹಾಕುವ ಮಸೂದೆಯನ್ನು ಜ್ಯಾಕ್ಸನ್ ತಂದ. ಕೆಳಮನೆಯಲ್ಲಿ ಅದು 102ಕ್ಕೆ 97 ಮತಗಳಲ್ಲಿ ಗೆದ್ದಿತು. ಟೆನೆಸೀಯ ಸದಸ್ಯರಲ್ಲಿ ವಿರುದ್ಧ ಮತ ಹಾಕಿದವನು ಒಬ್ಬನೇ, ಕ್ರಾಕೆಟ್. ಟಾಲುಶಾಚಿಯ ಮನೆಗೆ ಬೆಂಕಿಯಿಟ್ಟವರ ಜೊತೆಗಿದ್ದವನೂ ಅವನೇ. ಅಜ್ಜ ಅಜ್ಜಿಯನ್ನು ಮೂಲನಿವಾಸಿಗಳ ದಾಳಿಯಲ್ಲಿ ಕಳೆದುಕೊಂಡವನೂ ಅವನೇ. ಈ ಮೂರನ್ನೂ ಒಟ್ಟಿಗೆ ಹಿಡಿದು ಹೊಂದಿಸಲು ಹೋದ ಜೀವನಚರಿತ್ರೆಕಾರರೆಲ್ಲ ಬೆವರಿದ್ದಾರೆ. ಮತದಾರರು ಬೆವರಲಿಲ್ಲ, 1831ರ ಚುನಾವಣೆಯಲ್ಲಿ ಮನೆಗೆ ಕಳಿಸಿದರು.

ಅಷ್ಟು ಹೊತ್ತಿಗೆ ಅವನಿಗಿಂತ ಎತ್ತರದ ಇನ್ನೊಬ್ಬ ಕ್ರಾಕೆಟ್ ಹುಟ್ಟಿಕೊಂಡಿದ್ದ. 1831ರಲ್ಲಿ ನ್ಯೂಯಾರ್ಕಿನ ರಂಗಮಂಚದ ಮೇಲೆ ನಿಮ್ರಾಡ್ ವೈಲ್ಡ್‌ಫೈರ್ ಎಂಬ ಕಾಡುಪಾಳೆಯದ ಕರ್ನಲ್ ಪಾತ್ರ ಬಂತು. ತಲೆಗೆ ಪ್ರಾಣಿಯ ತುಪ್ಪಳದ ಟೊಪ್ಪಿ, ಬಾಯಿ ತೆರೆದರೆ ಬಡಾಯಿ. ಆಡಿದವನು ಜೇಮ್ಸ್ ಹ್ಯಾಕೆಟ್. ಇದು ಯಾರ ಅಣಕ ಎಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ. 1833ರ ಡಿಸೆಂಬರಿನಲ್ಲಿ ನಾಟಕ ವಾಷಿಂಗ್ಟನ್ನಿಗೆ ಬಂದಾಗ ಮತ್ತೆ ಗೆದ್ದು ಬಂದಿದ್ದ ಅಸಲಿ ಕ್ರಾಕೆಟ್ ಮುಂದಿನ ಸಾಲಿನಲ್ಲಿ ಕೂತಿದ್ದ. ಹ್ಯಾಕೆಟ್ ವೇಷದಲ್ಲಿ ಬಂದು ಅವನಿಗೆ ಬಗ್ಗಿ ನಮಸ್ಕರಿಸಿದ, ಇವನು ಎದ್ದು ಮರುನಮಸ್ಕಾರ ಮಾಡಿದ, ಸಭಾಂಗಣ ಬಿದ್ದು ಬಿದ್ದು ಚಪ್ಪಾಳೆ ತಟ್ಟಿತು.

ಮರುವರ್ಷ ಚಿತ್ರಕಾರ ಜಾನ್ ಗ್ಯಾಡ್ಸ್‌ಬಿ ಚಾಪ್‌ಮನ್ ಅವನ ಆಳೆತ್ತರದ ಚಿತ್ರ ಬರೆದ. ಅದುವರೆಗಿನ ಚಿತ್ರಗಳಲ್ಲೆಲ್ಲ ಕ್ರಾಕೆಟ್ ಕೋಟು ತೊಟ್ಟ ರಾಜಕಾರಣಿ, ಯಾವುದೋ ಪಾದ್ರಿಯ ಹಾಗಿದ್ದಾನೆ ಎಂದು ಅವನಿಗೇ ಬೇಸರ. ಬೇಟೆಗಾರನ ವೇಷದಲ್ಲಿ ಬರೆ ಎಂದ. ಬೇಟೆಯಂಗಿಯನ್ನು ವಾಷಿಂಗ್ಟನ್ನಿನಲ್ಲಿ ಹುಡುಕಿ ತರಬೇಕಾಯಿತು. ನಾಯಿಗಳು ಜಾತಿಯವು ಬೇಡ, ಕಂತ್ರಿಯೇ ಬೇಕು ಎಂದ, ಬೀದಿನಾಯಿಗಳನ್ನು ತಂದು ನಿಲ್ಲಿಸಿದರು. ಆ ಚಿತ್ರದಲ್ಲಿ ಅವನು ಕೈಯೆತ್ತಿ ಹಿಡಿದಿರುವುದು ಅಗಲ ಅಂಚಿನ ಸಾದಾ ಹ್ಯಾಟು, ರಕೂನ್ ಬಾಲ ಜೋತುಬಿದ್ದ ಟೊಪ್ಪಿಯಲ್ಲ. ಮೂಲ ಚಿತ್ರ 1881ರಲ್ಲಿ ಟೆಕ್ಸಸ್ ವಿಧಾನಸಭೆಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಅದೇ 1834ರಲ್ಲಿ ಆತ್ಮಕಥೆಯೂ ಬಂತು, ಕೆಂಟಕಿಯ ಸಂಸದ ಥಾಮಸ್ ಚಿಲ್ಟನ್ ನೆರವಿನಿಂದ. ವರ್ಷ ತುಂಬುವುದರೊಳಗೆ 105 ಕರಡಿ ಹೊಡೆದೆ ಎಂಬ ಲೆಕ್ಕ ಅದರಲ್ಲಿದೆ. ಉದ್ಯಾನದ ವಿಸ್ತೀರ್ಣವೂ 105 ಎಕರೆ. ಎಕರೆಗೊಂದು ಕರಡಿ ಎಂದು ಯಾರೂ ಯೋಜಿಸಿ ಅಳೆದದ್ದಲ್ಲ, ಆದರೆ ಅವನಿಗೆ ಗೊತ್ತಾಗಿದ್ದರೆ ಭಾಷಣದಲ್ಲಿ ಬಳಸದೆ ಬಿಡುತ್ತಿರಲಿಲ್ಲ.

1835ರ ಚುನಾವಣೆಯಲ್ಲಿ ಆಡಮ್ ಹಂಟ್ಸ್‌ಮನ್ ಎಂಬ ಮರಗಾಲಿನ ವಕೀಲ 252 ಮತಗಳಿಂದ ಸೋಲಿಸಿದ. ನೀವೆಲ್ಲ ನರಕಕ್ಕೆ ಹೋಗಿ, ನಾನು ಟೆಕ್ಸಸ್‌ಗೆ ಹೋಗುತ್ತೇನೆ ಎಂಬ ಅರ್ಥದ ಮಾತನ್ನು ಮತದಾರರ ಮುಖಕ್ಕೆ ಎಸೆದು ನವೆಂಬರಿನಲ್ಲಿ ಕುದುರೆ ಏರಿದ. ಟೆಕ್ಸಸ್ ಆಗ ಮೆಕ್ಸಿಕೋದ ಭಾಗ, ಅಮೆರಿಕದಿಂದ ಹೋಗಿ ನೆಲೆಸಿದವರು ದಂಗೆ ಎದ್ದಿದ್ದರು. ಸ್ವಾತಂತ್ರ್ಯದ ಮಾತಿನ ಹಿಂದೆ ಬೇರೆ ಲೆಕ್ಕಗಳೂ ಇದ್ದವು: ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತು, ವಲಸೆ ಬಂದವರಲ್ಲಿ ಅನೇಕರು ಗುಲಾಮರ ಒಡೆಯರು. ಕ್ರಾಕೆಟ್‌ನ ಕಣ್ಣು ನೆಲದ ಮೇಲಿತ್ತು. 49 ವರ್ಷದವನಿಗೆ ಇನ್ನೂ ನೆಮ್ಮದಿಯಾಗಿ ನಿಲ್ಲುವಷ್ಟು ಸ್ವಂತ ಜಮೀನು ಕೂಡಿಬಂದಿರಲಿಲ್ಲ. 1836ರ ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೋ ಊರಿನ ಅಲಮೋ ಕೋಟೆಗೆ ಬಂದ. 13 ದಿನದ ಮುತ್ತಿಗೆಯ ಮೇಲೆ ಮಾರ್ಚ್ 6ರ ನಸುಕಿನಲ್ಲಿ ಮೆಕ್ಸಿಕೋದ ದಂಡನಾಯಕ ಸಾಂತಾ ಆನಾನ ಸೇನೆ ಗೋಡೆ ಹತ್ತಿತು. ಒಳಗಿದ್ದ ಸುಮಾರು ಇನ್ನೂರು ಜನ ಹೋರಾಟಗಾರರಲ್ಲಿ ಬಹುತೇಕ ಯಾರೂ ಉಳಿಯಲಿಲ್ಲ.

ಅವನು ಸತ್ತ ಬಗೆಗೆ ಎರಡು ಕಥೆ. ಕೊನೆಯ ಗುಂಡಿನವರೆಗೆ ಕಾದಾಡಿ ಬಿದ್ದ ಎಂಬುದು ಜನಪ್ರಿಯ. ಬದುಕುಳಿದ ಸುಸಾನಾ ಡಿಕಿನ್ಸನ್, ಎಷ್ಟೋ ವರ್ಷಗಳ ಮೇಲೆ, ಹೆಣದ ಪಕ್ಕದಲ್ಲಿ ಅವನ ವಿಚಿತ್ರ ಟೊಪ್ಪಿ ಬಿದ್ದಿದ್ದನ್ನು ನೋಡಿದೆ ಎಂದಳು. ಇನ್ನೊಂದು ಕಥೆ ಮೆಕ್ಸಿಕೋ ಸೇನೆಯ ಅಧಿಕಾರಿ ಹೋಸೆ ಎನ್ರಿಕೆ ದೆ ಲಾ ಪೆನ್ಯಾನ ಬರಹದ್ದು. ಅದರ ಪ್ರಕಾರ ಕ್ರಾಕೆಟ್ ಸೆರೆಸಿಕ್ಕ, ಸಾಂತಾ ಆನಾ ಅಪ್ಪಣೆಯಂತೆ ಅಲ್ಲೇ ಕೊಂದರು. ಈ ಬರಹ ಸ್ಪ್ಯಾನಿಶ್‌ನಲ್ಲಿ ಮೊದಲು ಅಚ್ಚಾದದ್ದು 1955ರಲ್ಲಿ, ಅಂದರೆ ಅಮೆರಿಕದ ಮಕ್ಕಳೆಲ್ಲ ಅವನ ಟೊಪ್ಪಿ ತೊಟ್ಟು ಕುಣಿಯುತ್ತಿದ್ದ ವರ್ಷವೇ. ಯಾರೂ ಗಮನಿಸಲಿಲ್ಲ. 1975ರಲ್ಲಿ ಇಂಗ್ಲಿಷಿಗೆ ಬಂದಾಗ ಮಾತ್ರ ಆ ಮಕ್ಕಳು ದೊಡ್ಡವರಾಗಿದ್ದರು; ಅನುವಾದ ಮಾಡಿದ ಕಾರ್ಮೆನ್ ಪೆರಿ ಎಂಬ ಹೆಂಗಸಿನ ಮೇಲೆ ಕೆಂಡ ಕಾರಿದರು.

1954ರ ಡಿಸೆಂಬರ್ 15ರ ರಾತ್ರಿ ಡಿಸ್ನಿಯ ಮೊದಲ ಕಂತು ಬಂದಿತ್ತು. ಕ್ರಾಕೆಟ್ ಪಾತ್ರದಲ್ಲಿ ಎತ್ತರದ ಆಳು ಫೆಸ್ ಪಾರ್ಕರ್. ಮೂರೇ ಕಂತು, ಫೆಬ್ರವರಿಗೆ ನಾಯಕ ಅಲಮೋದಲ್ಲಿ ಸತ್ತೂ ಆಗಿತ್ತು. ಮಕ್ಕಳು ಬಿಡಲಿಲ್ಲ. ಊಟದ ಡಬ್ಬಿ, ಹೊದಿಕೆ, ಆಟಿಕೆ ಬಂದೂಕು, ಎಲ್ಲಕ್ಕಿಂತ ಮುಖ್ಯವಾಗಿ ರಕೂನ್ ಟೊಪ್ಪಿ. ವರ್ಷದೊಳಗೆ ಸುಮಾರು 10 ಕೋಟಿ ಡಾಲರಿನ ವ್ಯಾಪಾರ ಆಯಿತೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಫ್ರಾಂಕ್ಲಿನ್ ರಾಜ್ಯದಲ್ಲಿ ತೆರಿಗೆಗೆ ಸಲ್ಲುತ್ತಿದ್ದ ಚರ್ಮ ನೂರೆಪ್ಪತ್ತು ವರ್ಷದ ಮೇಲೆ ಮತ್ತೆ ದುಡ್ಡಾಯಿತು. ಇದಕ್ಕೂ ಮೊದಲೇ, 1948ರಲ್ಲಿ, ಟೆನೆಸೀಯ ಎಸ್ಟೆಸ್ ಕೆಫಾವರ್ ಇದೇ ಟೊಪ್ಪಿ ಹಾಕಿಕೊಂಡು ಊರೂರು ತಿರುಗಿ ಸೆನೆಟ್ ಗೆದ್ದಿದ್ದ. ವಿರೋಧಿಯೊಬ್ಬ ಅವನನ್ನು ಸಾಕಿದ ರಕೂನ್ ಎಂದು ಹಂಗಿಸಿದ್ದಕ್ಕೆ ಕೊಟ್ಟ ಉತ್ತರ ಅದು.

ಲೈಮ್‌ಸ್ಟೋನ್ ಊರಿನ ಗುಡಿಸಲು ಈ ಐವತ್ತರ ದಶಕದ ಕೂಸು. ಜಾನ್ ಕ್ರಾಕೆಟ್ ಕಟ್ಟಿದ್ದು ಎಂದೋ ಮಣ್ಣಾಗಿತ್ತು, ಉಳಿದದ್ದು ಕೆತ್ತಿದ ಚಪ್ಪಡಿ ಮತ್ತು ಊರವರ ನೆನಪು. ಹಳ್ಳಿಗಾಡಿನ ರೈತರು, ವರ್ತಕರು ಸೇರಿ ನಡೆಸುವ ರುರಿಟನ್ ಕ್ಲಬ್ಬಿನ ಸ್ಥಳೀಯ ಶಾಖೆಯವರು ಜಾಗವನ್ನು ಕೈಗೆ ತೆಗೆದುಕೊಂಡು, ಆ ಕಾಲದ ಗಡಿಮನೆಗಳು ಹೇಗಿದ್ದಿರಬಹುದು ಎಂದು ಯೋಚಿಸಿ ಒಂದು ಮಾದರಿ ಕಟ್ಟಿದರು: ಒಂದೇ ಕೋಣೆ, ಕಲ್ಲಿನ ಒಲೆಗೂಡು, ದಿಮ್ಮಿಗಳ ನಡುವೆ ಮಣ್ಣಿನ ಗಾರೆ. ದೇಶದ 50 ರಾಜ್ಯಗಳಿಂದಲೂ ಒಂದೊಂದು ಕಲ್ಲು ತರಿಸಿ ಸ್ಮಾರಕ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಸರ್ಕಾರ ವಹಿಸಿಕೊಂಡಿತು. ವಸ್ತುಸಂಗ್ರಹಾಲಯ, ಈಜುಕೊಳ, ಡೇರೆ ಹಾಕಲು ಮೈದಾನ, ಮೀನು ಹಿಡಿಯಲು ದಂಡೆ. ಬೇಸಿಗೆಯಲ್ಲಿ ಹಳೆಯ ಉಡುಪು ತೊಟ್ಟವರು ಒಲೆ ಹಚ್ಚಿ, ಉಣ್ಣೆ ನೂತು, ಮದ್ದುಗುಂಡಿನ ಹಳೆಯ ಬಂದೂಕು ತುಂಬಿ ತೋರಿಸುತ್ತಿದ್ದರು. ಬೋರ್ಡಿನ ಮೇಲೆ ಹೆಸರು ಡೇವಿಡ್ ಕ್ರಾಕೆಟ್. ಸರ್ಕಾರದವರು ಹಾಡಿಗಿಂತ ಸಹಿಯನ್ನು ನಂಬಿದ್ದು ನನಗೆ ಹಿಡಿಸಿತು. ಮನೆ ಅಸಲಿಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಅಸಲಿ ಎನ್ನುವುದು ಅಲ್ಲಿ ಒಂದಿದೆ, ನದಿ.

ಆ ನದಿ ಉತ್ತರ ಕೆರೊಲಿನಾದ ಎತ್ತರದ ಬೆಟ್ಟಗಳಲ್ಲಿ ಹುಟ್ಟುತ್ತದೆ, ಆಳದ ಕೊರಕಲಿನಲ್ಲಿ ನುಗ್ಗಿ ಅರ್ವಿನ್ ಊರಿನ ಬಳಿ ಬಯಲಿಗೆ ಬೀಳುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಹೆಲೀನ್ ಚಂಡಮಾರುತ ಆ ಬೆಟ್ಟಗಳ ಮೇಲೆ ಬಂದು ಸುರಿಯಿತು. 27ರಂದು ನೊಲಿಚಕಿ ಉಕ್ಕಿತು. ಅರ್ವಿನ್‌ನಲ್ಲಿ ಆಸ್ಪತ್ರೆಯ ಸುತ್ತ ನೀರು ಏರಿ, ರೋಗಿಗಳೂ ಸಿಬ್ಬಂದಿಯೂ ಐವತ್ತಕ್ಕೂ ಹೆಚ್ಚು ಜನ ಚಾವಣಿ ಹತ್ತಿ ಹೆಲಿಕಾಪ್ಟರಿಗೆ ಕಾದರು. ಸೇತುವೆಗಳು ಮುರಿದವು. ಉದ್ಯಾನದ ಕೆಳಗಡೆ, ಗ್ರೀನ್‌ವಿಲ್ ಹತ್ತಿರ, 1913ರಲ್ಲಿ ಕಟ್ಟಿದ ಅಣೆಕಟ್ಟಿನ ಮೇಲೆ ಸೆಕೆಂಡಿಗೆ 13 ಲಕ್ಷ ಗ್ಯಾಲನ್ ನೀರು ಹರಿಯಿತು, ನಯಾಗರಾ ಜಲಪಾತದ ಹರಿವಿಗಿಂತ ಹೆಚ್ಚು. ಅಣೆಕಟ್ಟು ಒಡೆಯಬಹುದೆಂದು ರಾತ್ರಿ ಕೆಳಗಿನವರನ್ನೆಲ್ಲ ಎಬ್ಬಿಸಿದರು, ಅದು ನಿಂತಿತು. ಕ್ರಾಕೆಟ್ ಉದ್ಯಾನ ಇರುವುದೇ ಹೊಳೆಸಾಲಿನಲ್ಲಿ. ಡೇರೆಯ ಮೈದಾನ, ದಂಡೆಯ ಕಾಲುದಾರಿ ಎಲ್ಲದರ ಮೇಲೆ ಕೆಂಪು ನೀರು ಹಾದುಹೋಗಿ, ಬುಡಮೇಲಾದ ಮರಗಳನ್ನೂ ಕೆಸರನ್ನೂ ಬಿಟ್ಟುಹೋಯಿತು. ಉದ್ಯಾನ ಮುಚ್ಚಿತು.

ಇನ್ನು ಕೊನೆಗೆ ಇಟ್ಟುಕೊಂಡಿದ್ದ ನೆನಪು. ಅವನಿಗಿನ್ನೂ ಚಡ್ಡಿ ಹಾಕುವ ವಯಸ್ಸೂ ಆಗಿರಲಿಲ್ಲ. ನಾಲ್ವರು ಅಣ್ಣಂದಿರು, ಜೊತೆಗೆ ಕ್ಯಾಂಪ್‌ಬೆಲ್ ಎಂಬ ಹದಿನೈದರ ಹುಡುಗ, ನದಿಯ ಬಳಿ ಆಡುತ್ತಿದ್ದರು. ಐವರೂ ಅಪ್ಪನ ದೋಣಿ ಹತ್ತಿದರು. ಚಿಕ್ಕವನನ್ನು ದಂಡೆಯ ಮೇಲೆ ಬಿಟ್ಟರು. ಸ್ವಲ್ಪ ಕೆಳಗೆ ನದಿ ಧುಮುಕುತ್ತಿತ್ತು. ಅಣ್ಣಂದಿರಿಗೆ ದೋಣಿ ನಡೆಸಲು ಬರುತ್ತಿತ್ತು, ಆದರೆ ಕ್ಯಾಂಪ್‌ಬೆಲ್ ಹುಟ್ಟನ್ನು ಕೊಡಲಿಲ್ಲ. ದೋಣಿ ಹಿಂದುಮುಂದಾಗಿ ತಿರುಗಿ ಜಲಪಾತದ ಕಡೆ ಸರಿಯಿತು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಕೆಂಡಲ್ ಎಂಬವನು ನೋಡಿದ, ಓಡಿದ. ಓಡುತ್ತ ಓಡುತ್ತ ಕೋಟು, ಒಳಕೋಟು, ಅಂಗಿ ಒಂದೊಂದನ್ನೇ ಕಿತ್ತೆಸೆದು ನೀರಿಗೆ ಹಾರುವಾಗ ಮೈಮೇಲೆ ಉಳಿದದ್ದು ಇಜಾರ ಮಾತ್ರ. ದೊಡ್ಡ ಮನುಷ್ಯನೊಬ್ಬ ಹೀಗೆ ಬಟ್ಟೆ ಕಿತ್ತೆಸೆಯುತ್ತ ಓಡಿಬರುವುದನ್ನು ಕಂಡು, ಅವನ ಬೆನ್ನಿಗೆ ದೆವ್ವ ಬಿದ್ದಿದೆ ಎಂದು ಮಗು ಕಿಟಾರನೆ ಕಿರುಚಿಕೊಂಡಿತು. ಆಳ ಸಿಕ್ಕಲ್ಲಿ ಈಜಿ, ನೆಲ ಸಿಕ್ಕಲ್ಲಿ ನಡೆದು, ಧುಮುಕುವ ಜಾಗಕ್ಕೆ ಇಪ್ಪತ್ತು ಮೂವತ್ತು ಅಡಿ ಇರುವಾಗ ಕೆಂಡಲ್ ದೋಣಿ ಹಿಡಿದ, ಸೆಳವಿನ ವಿರುದ್ಧ ಎಳೆದು ದಡಕ್ಕೆ ತಂದ.

ಅಣ್ಣಂದಿರು ನಡುಗುತ್ತ ಇಳಿದರು. ಅವರ ಜೀವ ಹೋಗುತ್ತಿತ್ತೆಂಬ ಚಿಂತೆ ತನಗೆ ಒಂದಿಷ್ಟೂ ಆಗಲಿಲ್ಲ ಎಂದು ಐವತ್ತರ ಹೊಸ್ತಿಲಲ್ಲಿ ಕೂತು ಬರೆದಿದ್ದಾನೆ ಡೇವಿಡ್ ಕ್ರಾಕೆಟ್. ತನ್ನನ್ನು ಬಿಟ್ಟುಹೋದದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದು ಅವನಿಗೆ ಬಹಳ ಸಮಾಧಾನವಾಗಿತ್ತಂತೆ.